ಯಾದವಗಿರಿಯ ಗಾಡಿ, ಮುರಿದ ಬೋಲ್ಟು

ಮೈಸೂರಿಗೆ ಹೋದವರು ಅರಮನೆ ನೋಡಿ, ಮೈಸೂರ್‌ಪಾಕ್ ಕಟ್ಟಿಸಿಕೊಂಡು ಬರ್ತಾರೆ. ಹಳೇ ಜಾವಾ, ಯೆಜ್ಡಿ ಇರೋರು ಮಾತ್ರ ಮೊದಲು ಗ್ಯಾರೇಜು ಹುಡುಕ್ತಾರೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಆ ಗಾಡಿಗಳ ನಾಡಿ ಬಲ್ಲ ಮೆಕ್ಯಾನಿಕ್‌ಗಳು ಊರಲ್ಲಿ ಇನ್ನೂ ಇದ್ದಾರೆ.

ಅವರ ಹತ್ತಿರ ಬರೋ ದೊಡ್ಡ ತಲೆನೋವು, ಎಂಜಿನ್ ಕೇಸಿನೊಳಗೆ ಮುರಿದು ಉಳಿದ ಬೋಲ್ಟು. ಕೇಸು ಅಲ್ಯೂಮಿನಿಯಂ, ಬೋಲ್ಟು ಉಕ್ಕು. ವರ್ಷಗಟ್ಟಲೆ ನೀರು ತಾಗಿ ಎರಡೂ ಕಚ್ಚಿಕೊಂಡಿರುತ್ತೆ. ಅವಸರಕ್ಕೆ ಡ್ರಿಲ್ ಇಟ್ಟರೆ ಉಕ್ಕಿನ ಮೇಲಿಂದ ಜಾರಿ ಪಕ್ಕದ ಮೆತ್ತಗಿನ ಕೇಸನ್ನೇ ಕೊರೆಯುತ್ತೆ. ಎಂಜಿನ್ ನಂಬರ್ ಇರೋದೂ ಆ ಕೇಸಿನ ಮೇಲೇ. ಅದನ್ನು ಬದಲಾಯಿಸಿದರೆ ಆರ್‌ಸಿಗೂ ಗಾಡಿಗೂ ತಾಳೆಯಾಗಲ್ಲ!

ಬಲ್ಲವರು ತುಕ್ಕು ಬಿಡಿಸೋ ಎಣ್ಣೆ ಬಿಟ್ಟು, ‘ನಾಳೆ ಬನ್ನಿ ಸಾರ್’ ಅಂತಾರೆ. ಬೇಜಾರಾಗಬೇಡಿ, ಅರ್ಧ ಕೆಲಸ ಆ ರಾತ್ರಿಯದ್ದೇ. ಮಾರನೇ ದಿನ ಮುರಿದ ತುದಿಯ ಮೇಲೆ ನಟ್ಟು ಇಟ್ಟು, ಅದರ ತೂತಿನೊಳಗಿಂದ ವೆಲ್ಡ್ ಮಾಡ್ತಾರೆ. ಉಕ್ಕಿಗೆ ಹಿಡಿಯೋ ಆ ವೆಲ್ಡಿಂಗ್ ಅಲ್ಯೂಮಿನಿಯಂಗೆ ಅಂಟಲ್ಲ. ಕಾವಿಗೆ ಹಿಡಿತವೂ ಸಡಿಲವಾಗುತ್ತೆ. ಆಮೇಲೆ ಸ್ಪ್ಯಾನರ್ ಹಾಕಿ ಸ್ವಲ್ಪ ಬಿಚ್ಚೋ ಕಡೆ, ಸ್ವಲ್ಪ ಬಿಗಿಯೋ ಕಡೆ. ನಟ್ಟು ಕಿತ್ತುಬಂದರೆ ಇನ್ನೊಂದು ನಟ್ಟು. ‘ಕಿರ್’ ಅಂತ ಒಂದು ಸದ್ದು ಬಂತೋ, ಗ್ಯಾರೇಜಿನಲ್ಲಿ ಚಹಾ ಹೇಳೋ ಹೊತ್ತು.