ಬೆಲ್‌ವಿಲ್ ದಿಣ್ಣೆಯಿಂದ ಬಾಡಿಗೆ ಸೈಕಲ್ಲಿನಲ್ಲಿ

ಪ್ಯಾರಿಸ್ ಎಂದೊಡನೆ ನಮ್ಮವರ ಕಣ್ಣ ಮುಂದೆ ನಿಲ್ಲುವುದು ಐಫೆಲ್ ಗೋಪುರ, ಸೇನ್ ನದಿ, ಲೂವ್ರ್ ವಸ್ತುಸಂಗ್ರಹಾಲಯ. ಹೊಟ್ಟೆಪಾಡಿಗಾಗಿ ಅಲ್ಲಿ ನೆಲೆಸಿದ ನನ್ನ ಕಣ್ಣು ಮಾತ್ರ ಮನೆಯ ಬಾಗಿಲು ದಾಟುತ್ತಲೇ ಅರಸುವುದು ಬೀದಿಯಂಚಿನಲ್ಲಿ ಸಾಲಾಗಿ ನಿಂತ ಸೈಕಲ್ಲುಗಳನ್ನು. ಹಸಿರಿನವು ಸವಾರನ ಕಾಲಿನ ಬಲದಿಂದಲೇ ಓಡತಕ್ಕವು. ನೀಲಿಯವಕ್ಕೆ ವಿದ್ಯುತ್ತಿನ ನೆರವುಂಟು.

ಈ ಏರ್ಪಾಡಿನ ಹೆಸರು 'ವೆಲೀಬ್'. 'ವೆಲೊ' ಎಂದರೆ ಸೈಕಲ್ಲು, 'ಲಿಬೆರ್ತೆ' ಎಂದರೆ ಸ್ವಾತಂತ್ರ್ಯ; ಎರಡನ್ನೂ ಬೆಸೆದು ಮಾಡಿದ ಪದವಿದು. ಲಿಯೋನ್ ನಗರದಲ್ಲಿ 2005ರಲ್ಲಿಯೇ ಇಂಥದೊಂದು ಆರಂಭವಾಗಿತ್ತು. ಪ್ಯಾರಿಸ್ಸಿಗೆ ಇದು ಬಂದದ್ದು 2007ರ ಜುಲೈ 15ರಂದು, ಫ್ರೆಂಚರ ರಾಷ್ಟ್ರೀಯ ಹಬ್ಬದ ಮರುದಿನ.

ಗಂಟೆಗೆ ಇಷ್ಟೆಂದು ಸೈಕಲ್ ಬಾಡಿಗೆ ಕೊಡುವ ಅಂಗಡಿಗಳು ನಮ್ಮ ಊರುಗಳಲ್ಲಿಯೂ ಇದ್ದುವಷ್ಟೆ. ಅಂಗಡಿಯವನು ಹೆಸರನ್ನೂ ಹೊತ್ತನ್ನೂ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುವನು, ಐದು ನಿಮಿಷ ತಡವಾದರೆ ಗೊಣಗುವನು, ಒಯ್ದಲ್ಲಿಗೇ ತಂದೊಪ್ಪಿಸಬೇಕು. ಇಲ್ಲಿ ಅಂಗಡಿಯೂ ಇಲ್ಲ, ಅಂಗಡಿಯವನೂ ಇಲ್ಲ. ಒಂದು ನಿಲ್ದಾಣದಲ್ಲಿ ಬಿಡಿಸಿಕೊಂಡು, ಬೇರೊಂದರಲ್ಲಿ ಸಿಕ್ಕಿಸಿ, ನಮ್ಮ ದಾರಿ ಹಿಡಿಯಬಹುದು. ಮೈಸೂರಿಗೂ 2017ರಲ್ಲಿ 'ಟ್ರಿನ್ ಟ್ರಿನ್' ಎಂಬ ಹೆಸರಿನಿಂದ ಇದೇ ಬಗೆಯ ಸೈಕಲ್ಲುಗಳು ಬಂದುವು.

ನಾನಿದ್ದುದು ಬೆಲ್‌ವಿಲ್ ದಿಣ್ಣೆಯ ಮೇಲೆ. 1860ರಲ್ಲಿ ಪ್ಯಾರಿಸ್ಸಿನೊಳಗೆ ಸೇರುವವರೆಗೆ ಇದು ಬೇರೆಯೇ ಊರು. ಇಲ್ಲಿಯ ಟೆಲಿಗ್ರಾಫ್ ಬೀದಿ ಸಮುದ್ರಮಟ್ಟಕ್ಕಿಂತ ಸುಮಾರು 128 ಮೀಟರ್ ಎತ್ತರದಲ್ಲಿದೆ. ಪ್ರಸಿದ್ಧವಾದ ಮೋಂಮಾರ್ತ್ರ್ ಗುಡ್ಡಕ್ಕಿಂತ ಎರಡು ಮೀಟರ್ ಕಡಿಮೆ, ಅಷ್ಟೆ. ಬೆಳಗ್ಗೆ ಕೆಲಸಕ್ಕೆ ಹೊರಟವನಿಗೆ ಪೆಡಲು ತುಳಿಯುವ ಶ್ರಮವೇ ಇಲ್ಲ. ಬ್ರೆಡ್ಡಿನ ಅಂಗಡಿಗಳ ಬಿಸಿ ಪರಿಮಳ, ಚೀಣೀಯರ ತರಕಾರಿ ಮಳಿಗೆಗಳು, ಇನ್ನೂ ಕಣ್ಣುಜ್ಜುತ್ತಿರುವ ಕಾಫಿ ಹೋಟೆಲುಗಳು ಒಂದೊಂದಾಗಿ ಹಿಂದೆ ಸರಿಯುತ್ತವೆ. ಕೆಳಗೆ ಬಲಗಡೆಗೆ ಸ್ಯಾಂ ಮಾರ್ತಾಂ ಕಾಲುವೆ; ಅದರ ನೀರು ಅಲ್ಲಿಯೇ ನೆಲದೊಳಗೆ ನುಸುಳುತ್ತದೆ. ಅದನ್ನು ದಾಟಿದರೆ ರಿಪಬ್ಲಿಕ್ ಚೌಕ.

ಆದರೆ ಇಳಿಯುವ ಸುಖ ಎಲ್ಲರಿಗೂ ಬೇಕು, ಏರುವ ಕಷ್ಟ ಯಾರಿಗೂ ಬೇಡ! ಹಳ್ಳಕ್ಕೆ ಹರಿಯುವ ನೀರಿನಂತೆ ಸೈಕಲ್ಲುಗಳೆಲ್ಲ ತಗ್ಗಿನ ನಿಲ್ದಾಣಗಳನ್ನು ಸೇರುತ್ತವೆ. ಅವನ್ನು ವಾಹನಗಳಲ್ಲಿ ಹೇರಿ ಮೇಲಕ್ಕೆ ಸಾಗಿಸಬೇಕಾಗುತ್ತದೆ. 60 ಮೀಟರಿಗಿಂತ ಎತ್ತರದ ನಿಲ್ದಾಣಗಳಿಗೆ ಸೈಕಲ್ಲನ್ನು ಮರಳಿಸಿದವರಿಗೆ ಕಾಲು ಗಂಟೆಯ ಹೆಚ್ಚುವರಿ ಸವಾರಿಯನ್ನು ಬಹುಮಾನವಾಗಿ ಕೊಡುವ ಪದ್ಧತಿಯನ್ನೂ ಮೊದಲ ವರ್ಷಗಳಲ್ಲಿ ತಂದರು. ನನ್ನ ನೆರೆಯವರನ್ನು ಆ ಬಹುಮಾನ ಅಷ್ಟಾಗಿ ಸೆಳೆದಂತೆ ಕಾಣಲಿಲ್ಲ. ಎಂಟು ಗಂಟೆ ದಾಟಿತೆಂದರೆ ನಮ್ಮ ನಿಲ್ದಾಣ ಬರಿದು.

ಉಳಿದ ಒಂದೆರಡರ ಸೀಟು ಕೆಲವೊಮ್ಮೆ ಹಿಂದುಮುಂದಾಗಿರುತ್ತಿತ್ತು. ಯಾರೋ ತುಂಟ ಹುಡುಗರ ಕೆಲಸವೆಂದು ನಾನು ಭಾವಿಸಿದ್ದೆ. ಅದರ ಅರ್ಥವನ್ನು ಸಹೋದ್ಯೋಗಿಯೊಬ್ಬರು ತಿಳಿಸಿದರು. ಸೈಕಲ್ಲಿನಲ್ಲಿ ಏನಾದರೂ ಕೆಟ್ಟಿದ್ದರೆ, ಅದನ್ನು ಒಪ್ಪಿಸಿಹೋಗುವವರು ಮುಂದಿನವರಿಗೆ ತಿಳಿಯಲೆಂದು ಸೀಟನ್ನು ತಿರುಗಿಸುತ್ತಾರೆ. ಸವಾರರ ನಡುವೆ ತಾನಾಗಿ ಬೆಳೆದುಬಂದ ಸಂಕೇತವಿದು. ತಿರುಗಿಸಿದವನಿಗೆ ಇದರಿಂದ ಮೂರು ಕಾಸಿನ ಲಾಭವಿಲ್ಲ. ಲಾಭವೆಲ್ಲ ಅವನು ಎಂದೂ ಕಾಣದ ಇನ್ನೊಬ್ಬನಿಗೆ.

ಆಗ ನನ್ನ ನೌಕರಿ ಇನ್ನೂ ಕಾಯಮ್ಮಾಗಿರಲಿಲ್ಲ. ಪರೀಕ್ಷಾವಧಿಯ ಮೂರು ತಿಂಗಳಲ್ಲಿ ಎರಡು ಬಾರಿ ತಡವಾಗಿ ಹೋಗಿ ಮೇಲಧಿಕಾರಿಯ ಮಾತು ಕೇಳಿದ್ದೆ. ಕೊನೆಯ ವಾರ ಒಂದು ದಿನ ಕಾಲುವೆಯ ಬಳಿ ಒಡೆದ ಸೀಸೆಯ ಚೂರೊಂದು ಚಕ್ರಕ್ಕೆ ನೆಟ್ಟು, ಗಾಳಿಯೆಲ್ಲ ಹೊರಟುಹೋಯಿತು. ತಳ್ಳಿಕೊಂಡು ಹೋಗಿ ಚೌಕದ ಬಳಿಯ ನಿಲ್ದಾಣದಲ್ಲಿ ಸಿಕ್ಕಿಸಿದೆ. ಅಲ್ಲಿದ್ದುದು ಒಂದೇ ಸೈಕಲ್ಲು. ಅದನ್ನು ಬಿಡಿಸಿಕೊಂಡು ಒಪೆರಾದ ದಿಕ್ಕಿಗೆ ಹಾರಿದೆ.

ನೂರು ಮಾರು ಹೋಗುವಷ್ಟರಲ್ಲಿ ನೆನಪಾಯಿತು: ಸೀಟು ತಿರುಗಿಸಿರಲಿಲ್ಲ. ಹೋಗಲಿ ಬಿಡು, ಯಾರು ನೋಡಿದರು ಎಂದಿತು ಮನಸ್ಸು. ದಿನವೂ ನನಗಾಗಿ ಯಾರೋ ತಿರುಗಿಸಿದ್ದರಲ್ಲ ಎಂದೂ ಅದೇ ಮನಸ್ಸೇ ಅಂದಿತು. ಹಿಂದಿರುಗಿದೆ.

ಅರವತ್ತು ದಾಟಿದ ಹೆಂಗಸೊಬ್ಬರು ಹಣ್ಣಿನ ಚೀಲವನ್ನು ಮುಂದಿನ ಬುಟ್ಟಿಯಲ್ಲಿರಿಸಿ ಅದೇ ಸೈಕಲ್ಲನ್ನು ಬಿಡಿಸಿಕೊಳ್ಳುತ್ತಿದ್ದರು.

"ಮದಾಮ್, ಕ್ಷಮಿಸಿ. ಅದರಲ್ಲಿ ಗಾಳಿಯಿಲ್ಲ. ಸೀಟು ತಿರುಗಿಸಲು ಮರೆತವನು ನಾನೇ."

ಆಕೆ ಚಕ್ರವನ್ನು ಅದುಮಿ ನೋಡಿದರು. "ಆಸ್ಪತ್ರೆಯಲ್ಲಿ ತಂಗಿ ಕಾಯುತ್ತಿದ್ದಾಳೆ. ಬೇರೆ ಸೈಕಲ್ಲೂ ಇಲ್ಲವಲ್ಲ" ಎಂದರು.

ನಾನು ತಂದದ್ದನ್ನು ಸಿಕ್ಕಿಸಿ, "ಇದನ್ನು ತೆಗೆದುಕೊಳ್ಳಿ" ಎಂದೆ. ಆಕೆ ಹೊರಡುವ ಮುನ್ನ ಕೆಟ್ಟ ಸೈಕಲ್ಲಿನ ಸೀಟನ್ನು ತಾವೇ ತಿರುಗಿಸಿ, ನನ್ನತ್ತ ನೋಡಿ ನಕ್ಕರು. ನಾನು ಮೆಟ್ರೊ ಹಿಡಿದು ಕಚೇರಿ ಸೇರುವಾಗ ಇಪ್ಪತ್ತು ನಿಮಿಷ ತಡವಾಗಿತ್ತು.

ನಡೆದುದನ್ನು ಹೇಳಿದೆ. ಅಧಿಕಾರಿ ಗಡಿಯಾರವನ್ನು ನೋಡಿದರೇ ಹೊರತು ಏನೂ ಅನ್ನಲಿಲ್ಲ. ವಾರದ ಕೊನೆಗೆ ಪರೀಕ್ಷಾವಧಿಯನ್ನು ಇನ್ನೂ ಮೂರು ತಿಂಗಳು ಮುಂದುವರಿಸಿದ ಪತ್ರ ಕೈಸೇರಿತು. ಅದು ನ್ಯಾಯವೇ, ಅವರಿಗೆ ಕಂಡದ್ದು ನನ್ನ ಮೂರನೆಯ ತಡ.

ಅಂದಿನಿಂದ ಅರ್ಧ ಗಂಟೆ ಮುಂಚಿತವಾಗಿ ಮನೆ ಬಿಡತೊಡಗಿದೆ. ಮೂರು ತಿಂಗಳಾದ ಮೇಲೆ ಕೆಲಸವೂ ಕಾಯಮ್ಮಾಯಿತು. ಆ ಸಂಜೆ ಮೆಟ್ರೊ ಹತ್ತದೆ, ಹಸಿರು ಸೈಕಲ್ಲೊಂದನ್ನೇ ಏದುಸಿರು ಬಿಡುತ್ತ ಬೆಲ್‌ವಿಲ್ ದಿಣ್ಣೆಯವರೆಗೂ ತುಳಿದು ತಂದೆ. ಬರಿದಾಗಿದ್ದ ನಿಲ್ದಾಣದಲ್ಲಿ ಅದನ್ನು ಸಿಕ್ಕಿಸಿ, ಸೀಟು ನೆಟ್ಟಗಿದೆಯೇ ಎಂದು ಮತ್ತೊಮ್ಮೆ ನೋಡಿ, ಮನೆಗೆ ನಡೆದೆ. ಬೆಳಗ್ಗೆ ಯಾರಿಗೋ ಅದು ಬೇಕಾದೀತು.