ಹೊಟ್ಟೆಯೊಳಗಿನ ಕೀಲಿಕೈ

ಹಲಸೂರಿನ ಸೋಮೇಶ್ವರ ದೇವಸ್ಥಾನದಿಂದ ನಾನೂ ಮೊಮ್ಮಗಳೂ ಹೊರಬಂದಾಗ ಸಂಜೆ ಆರೂಕಾಲು. ಏಳಕ್ಕೆ ಕೆ.ಆರ್. ಪುರ ರೈಲು ನಿಲ್ದಾಣದಲ್ಲಿ ನಮ್ಮಕ್ಕ ಇಳಿಯುವವಳಿದ್ದಳು. ಬಂಗಾರಪೇಟೆಯಿಂದ ಒಬ್ಬಳೇ ಬರುತ್ತಿದ್ದಾಳೆ. ಎಪ್ಪತ್ತೆಂಟು ವಯಸ್ಸು, ಮಂಡಿನೋವು, ಕೈಯಲ್ಲಿ ಮೊಬೈಲ್ ಇಲ್ಲ.

ಕಾರಿನ ಹಿಡಿಕೆ ಮುಟ್ಟಿದೆ. ಬಾಗಿಲು ತೆಗೆಯಲಿಲ್ಲ. ಮಗ ಕೊಡಿಸಿದ ಕಾರು ಅದು. ಕೀಲಿ ಜೇಬಿನಲ್ಲಿದ್ದರೆ ಸಾಕು, ಮುಟ್ಟಿದೊಡನೆ ತೆರೆಯುತ್ತದೆ. ರಿಮೋಟ್ ಗುಂಡಿ ಒತ್ತಿದೆ, ಪಂಚೆಗೆ ಒರೆಸಿ ಮತ್ತೆ ಒತ್ತಿದೆ. ಉಹೂಂ! ಒಂದು ವಾರದಿಂದ ಮೀಟರಿನ ಪಕ್ಕ ಪುಟ್ಟ ಕೀಲಿಯ ಚಿತ್ರ ಮಿನುಗುತ್ತಿದ್ದುದು ಆಗ ನೆನಪಾಯಿತು. ನಾನದನ್ನು ಅಲಂಕಾರ ಎಂದುಕೊಂಡಿದ್ದೆ.

ಮಗ ಫೋನ್ ಎತ್ತಲಿಲ್ಲ. "ತಾತ, ಕಾರಿನ ಪುಸ್ತಕ ನೋಡೋಣ" ಎಂದಳು ಮೊಮ್ಮಗಳು. ಪುಸ್ತಕ ಕಾರಿನೊಳಗಿತ್ತು.

ಅವಳೇ ರಿಮೋಟನ್ನು ಕಸಿದುಕೊಂಡು ತಿರುಗಿಸಿ ಮುರುಗಿಸಿ ನೋಡಿದಳು. ಬದಿಯಲ್ಲೊಂದು ಸಣ್ಣ ಚಿಲಕ. ಅದನ್ನು ಸರಿಸಿ ಎಳೆದರೆ ಹೊಟ್ಟೆಯೊಳಗಿಂದ ಕಬ್ಬಿಣದ ಕೀಲಿಯೇ ಬಂತು! ಇನ್ನು ಕೀಲಿಕಂಡಿ ಎಲ್ಲಿ? ಹಿಡಿಕೆಯ ತುದಿಯ ಮುಚ್ಚಳದಡಿ ಅಡಗಿತ್ತು. ಬಾಗಿಲು ತೆರೆದದ್ದೇ ತಡ, ಕಾರು ಕಿರುಚತೊಡಗಿತು. ಹೂ ಮಾರುವವರೆಲ್ಲ ತಿರುಗಿ ನೋಡಿದರು. "ನನ್ನದೇ ಕಾರು ಕಣಮ್ಮ" ಎಂದು ಪಂಚೆ ಉಟ್ಟ ಕಳ್ಳನಂತೆ ಕೈಮುಗಿದೆ.

ಸ್ಟಾರ್ಟ್ ಗುಂಡಿ ಒತ್ತಿದರೆ ಕೀಲಿ ಸಿಗುತ್ತಿಲ್ಲ ಎಂಬ ಸಂದೇಶ. ಮೊಮ್ಮಗಳು ಪುಸ್ತಕ ತೆಗೆದು ಓದಿದಳು: ಬ್ರೇಕ್ ತುಳಿದು, ರಿಮೋಟನ್ನು ಸ್ಟಾರ್ಟ್ ಗುಂಡಿಗೇ ತಾಗಿಸಿ ಒತ್ತಬೇಕಂತೆ. ನಂಬಿಕೆಯಿಲ್ಲದೆ ಒತ್ತಿದೆ. ಎಂಜಿನ್ ಹೊರಟಿತು, ಕಿರುಚಾಟ ನಿಂತಿತು.

ಸೆಲ್ ಸತ್ತರೂ ಹೇಗೆ? ಮಕ್ಕಳೇ, ಮೆಟ್ರೊ ಗೇಟಿಗೆ ಕಾರ್ಡ್ ತೋರಿಸುತ್ತೀರಲ್ಲ, ಅದರಲ್ಲಿ ಬ್ಯಾಟರಿ ಎಲ್ಲಿದೆ? ಗೇಟಿನ ಯಂತ್ರವೇ ಕಾರ್ಡಿಗೆ ಒಂದಿಷ್ಟು ಶಕ್ತಿ ಕೊಡುತ್ತದೆ. ಇಲ್ಲೂ ಹಾಗೆಯೇ. ಗುಂಡಿಯ ಸುತ್ತ ತಂತಿಯ ಸುರುಳಿ ಇದೆ; ಅದರ ಕಾಂತಕ್ಷೇತ್ರದಿಂದ ರಿಮೋಟಿನೊಳಗಿನ ಚಿಪ್ ಎಚ್ಚೆತ್ತು ತನ್ನ ಗುರುತು ಹೇಳುತ್ತದೆ. ಹತ್ತಿರವಿದ್ದರೆ ಮಾತ್ರ. ಕೆಲವು ಕಾರುಗಳಲ್ಲಿ ಕೀಲಿ ಇಡುವ ಜಾಗ ಬೇರೆ ಕಡೆ ಇರುತ್ತದೆ. ನಮ್ಮಪ್ಪನ ಅಂಬಾಸಿಡರ್ ಮುನಿಸಿಕೊಂಡರೆ ಮುಂದೆ ಹ್ಯಾಂಡಲ್ ತೂರಿಸಿ ತಿರುಗಿಸುತ್ತಿದ್ದೆವು, ತೋಳು ಬಿದ್ದುಹೋಗುವಂತೆ. ಅದಕ್ಕಿಂತ ಇದು ವಾಸಿ.

ಮರುದಿನ ಗಡಿಯಾರದ ಅಂಗಡಿಯಲ್ಲಿ ಹೊಸ ಸೆಲ್ ಕೊಂಡೆ. ಸಿಆರ್ 2032: 20 ಮಿ.ಮೀ. ಅಗಲ, 3.2 ಮಿ.ಮೀ. ದಪ್ಪ, 3 ವೋಲ್ಟ್. ಹಳೆಯದನ್ನು ಟೇಪು ಸುತ್ತಿ ಮೇಲಿನ ಕಪಾಟಿನಲ್ಲಿಟ್ಟೆ; ಪುಟ್ಟ ಮಕ್ಕಳು ನುಂಗಿದರೆ ಅನ್ನನಾಳ ಸುಟ್ಟುಹೋಗುತ್ತದೆ, ತಕ್ಷಣ ಆಸ್ಪತ್ರೆಗೆ ಓಡಬೇಕು.

ಅಂದು ಕೆ.ಆರ್. ಪುರ ತಲುಪಿದಾಗ ಏಳೂಇಪ್ಪತ್ತು. ಅಕ್ಕ ಚೀಲದ ಮೇಲೆ ಕೂತು, ಪಕ್ಕದ ಹೆಂಗಸಿಗೆ ಚಕ್ಕುಲಿ ಕೊಡುತ್ತಿದ್ದಳು. ನನ್ನ ಕಣ್ಣಲ್ಲಿ ನೀರು ಬಂತು. ಅವಳು ನೋಡಲಿಲ್ಲ, ಸದ್ಯ. "ನೀನು ಯಾವತ್ತು ಹೊತ್ತಿಗೆ ಸರಿಯಾಗಿ ಬಂದಿದ್ದೀಯ?" ಎಂದಳಷ್ಟೆ.

ಕಾರಿನಲ್ಲಿ ಕಥೆ ಕೇಳಿ ಅವಳದ್ದೊಂದೇ ಪ್ರಶ್ನೆ: "ಕಳ್ಳನ ರಿಮೋಟಿಗೂ ಹೊಟ್ಟೆ ಇರುತ್ತಲ್ವೇನೇ?" ಟಿನ್ ಫ್ಯಾಕ್ಟರಿ ದಾಟುವವರೆಗೂ ಮೊಮ್ಮಗಳು ಮೊದಲಿನಿಂದ ವಿವರಿಸುತ್ತಲೇ ಇದ್ದಳು.