ಸಮ-ಬೆಸಗಳ ಸಾಕ್ಷಿ



ಲೋಕದಲ್ಲಿ ದೊಡ್ಡ ತಪ್ಪುಗಳು ತಾವಾಗಿಯೇ ಕೂಗಿಕೊಳ್ಳುತ್ತವೆ. ಸಣ್ಣ ತಪ್ಪುಗಳಾದರೋ ಸತ್ಯದ ಉಡುಪನ್ನುಟ್ಟು ನಮ್ಮ ನಡುವೆ ನಿರಾತಂಕವಾಗಿ ಓಡಾಡುತ್ತವೆ. ಅಂತಹ ಸಣ್ಣ ತಪ್ಪನ್ನು ಹಿಡಿದುಕೊಡುವುದಕ್ಕಾಗಿ ಯಂತ್ರಶಾಸ್ತ್ರಜ್ಞರು ನೇಮಿಸಿರುವ ಒಂದು ಪುಟ್ಟ ಸಾಕ್ಷಿಯ ವಿಷಯವಾಗಿ ನಾಲ್ಕು ಮಾತುಗಳನ್ನು ಬರೆಯಲಿಚ್ಛಿಸುತ್ತೇನೆ. ಅದರ ಹೆಸರು ಪ್ಯಾರಿಟಿ. ಗಣಕಯಂತ್ರಗಳ ದುರಸ್ತಿಯೇ ನನ್ನ ಜೀವನೋಪಾಯವಾಗಿರುವುದರಿಂದ, ಇದರ ನಿಜವಾದ ಪರಿಚಯವು ನನಗೆ ಪುಸ್ತಕಕ್ಕಿಂತ ಹೆಚ್ಚಾಗಿ ಕೆಲಸದಿಂದಲೇ ಆಯಿತು.

ಒಂದು ಯಂತ್ರವು ಇನ್ನೊಂದರೊಡನೆ ಸೀರಿಯಲ್ ಪೋರ್ಟಿನ ಮೂಲಕ ಮಾತನಾಡುವಾಗ, ಪ್ರತಿಯೊಂದು ಅಕ್ಷರವನ್ನೂ ಸೊನ್ನೆ ಮತ್ತು ಒಂದುಗಳ ಸಾಲಾಗಿ ಒಡೆದು, ಒಂದರ ಹಿಂದೊಂದನ್ನು ಒಂದೇ ತಂತಿಯಲ್ಲಿ ಕಳುಹಿಸುತ್ತದೆ. ಈ ಒಂದೊಂದು ಚೂರಿಗೂ ಬಿಟ್ ಎಂದು ಹೆಸರು. ಇಂತಹ ಸಂಭಾಷಣೆಗೆ ಬೇಕಾದ ಆರ್‌ಎಸ್-232 ಎಂಬ ನಿಯಮಾವಳಿಯು ಅಮೆರಿಕಾ ದೇಶದಲ್ಲಿ 1960ರಲ್ಲಿಯೂ, ಅಕ್ಷರಕ್ಕೆ ಏಳು ಬಿಟ್‌ಗಳೆಂಬ ಆಸ್ಕಿ ಪದ್ಧತಿಯು 1963ರಲ್ಲಿಯೂ ಪ್ರಕಟವಾದವು. ಅಷ್ಟು ಹಳೆಯದಾದರೂ ಈ ಏರ್ಪಾಡು ಇಂದಿಗೂ ತೂಕದ ಯಂತ್ರಗಳಲ್ಲಿಯೂ ಕಾರ್ಖಾನೆಗಳಲ್ಲಿಯೂ ಜೀವಂತವಾಗಿದೆ.

ದಾರಿಯಲ್ಲಿ ಒಂದು ಬಿಟ್ ಕೆಟ್ಟರೆ ತಿಳಿಯುವ ಬಗೆ ಹೇಗೆ? ವಿಹಾರಕ್ಕೆ ಹೊರಟ ವಿದ್ಯಾರ್ಥಿನಿಯರನ್ನು ಇಬ್ಬಿಬ್ಬರಾಗಿ ಕೈಹಿಡಿಸಿ ನಡೆಸುವುದನ್ನು ನೀವು ಬಲ್ಲಿರಿ. ಹುಡುಗಿಯರ ಸಂಖ್ಯೆ ಬೆಸವಾಗಿದ್ದರೆ, ಒಂಟಿಯಾಗಿ ಉಳಿದವಳ ಕೈಯನ್ನು ಉಪಾಧ್ಯಾಯಿನಿಯೊಬ್ಬರು ಹಿಡಿಯುತ್ತಾರೆ. ಸಮವಾಗಿದ್ದರೆ ಅವರು ಬರಿಗೈಯಲ್ಲಿ ನಡೆಯುತ್ತಾರೆ. ಗುರಿಯನ್ನು ಮುಟ್ಟಿದಾಗ ಯಾರಾದರೂ ಜೊತೆಯಿಲ್ಲದೆ ನಿಂತಿದ್ದರೆ, ಹಾಜರಿ ಕರೆಯುವುದಕ್ಕೆ ಮೊದಲೇ ಒಬ್ಬಳು ತಪ್ಪಿಹೋದಳೆಂದು ತಿಳಿಯುತ್ತದೆ. ಸಮ ಪ್ಯಾರಿಟಿ ಎಂಬುದು ಇದೇ. ಏಳು ಬಿಟ್‌ಗಳಲ್ಲಿ ಒಂದುಗಳ ಎಣಿಕೆ ಬೆಸವಾದರೆ ಎಂಟನೆಯದಾಗಿ ಒಂದನ್ನೂ, ಸಮವಾದರೆ ಸೊನ್ನೆಯನ್ನೂ ಸೇರಿಸಿ ಕಳುಹಿಸುತ್ತಾರೆ. ಒಟ್ಟು ಬೆಸವಾಗಿರಲೆಂದು ಗೊತ್ತುಮಾಡಿಕೊಂಡರೆ ಅದು ಬೆಸ ಪ್ಯಾರಿಟಿ. ಸಾಕ್ಷಿಯೇ ಬೇಡವೆಂಬ ಮೂರನೆಯ ಪದ್ಧತಿಯೂ ಉಂಟು. ಯಾವುದಾದರೂ ಆಗಲಿ, ಹೇಳುವವರೂ ಕೇಳುವವರೂ ಮೊದಲೇ ಒಪ್ಪಿಕೊಂಡಿರಬೇಕು. ಒಪ್ಪಂದ ತಪ್ಪಿದರೆ ಏನಾಗುವುದೆಂಬುದನ್ನು ನಾನು ಆಲ್ಕೊಳದಲ್ಲಿ ಕಣ್ಣಾರೆ ಕಂಡೆನು.

ಶಿವಮೊಗ್ಗದಿಂದ ಸಾಗರಕ್ಕೆ ಹೋಗುವ ರಸ್ತೆಯಲ್ಲಿ ಆಲ್ಕೊಳವಿರುವುದಷ್ಟೆ. ಕೆಲವು ವರ್ಷಗಳ ಹಿಂದೆ, ಮೆಕ್ಕೆಜೋಳದ ಸುಗ್ಗಿಯಲ್ಲಿ, ಅಲ್ಲಿಯ ಒಂದು ವೇಬ್ರಿಡ್ಜಿನವರು ನನ್ನನ್ನು ಕರೆಯಿಸಿದರು. ಅವರ ಹಳೆಯ ಗಣಕಯಂತ್ರ ಕೆಟ್ಟುಹೋಗಿ ಹೊಸದು ಬಂದಿತ್ತು. ಅಂದಿನಿಂದ ಕೆಲವು ಚೀಟಿಗಳು ಸರಿಯಾಗಿಯೂ ಕೆಲವು ವಿಪರೀತವಾಗಿಯೂ ಅಚ್ಚಾಗುತ್ತಿದ್ದವು. 12,450 ಕಿಲೋ ತೂಗಿದ ಲಾರಿಯ ಚೀಟಿಯಲ್ಲಿ ಬರಿಯ 50 ಎಂದಿತ್ತು. ಇಂತಹವನ್ನು ನೋಡಿ ಎಲ್ಲರೂ ನಕ್ಕು, ಕೈಯಿಂದ ತಿದ್ದಿ ಕೊಡುತ್ತಿದ್ದರು. ತಂತಿಯನ್ನು ಇಲಿ ಕಡಿದಿದೆಯೆಂದು ಒಬ್ಬರು, ಸಿಡಿಲು ಬಡಿದು ಯಂತ್ರದ ಒಳಭಾಗ ಸುಟ್ಟಿದೆಯೆಂದು ಮತ್ತೊಬ್ಬರು ಊಹಿಸಿದ್ದರು.

ನಾನು ಅಲ್ಲಿದ್ದಾಗಲೇ ರೈತ ಮಹಿಳೆಯೊಬ್ಬರು ಚೀಟಿಯನ್ನು ಹಿಡಿದು ಕಿಟಕಿಯ ಬಳಿಗೆ ಬಂದರು. “ಹೊರಗಡೆ ಕೆಂಪಕ್ಷರದಾಗೆ ಒಂಬತ್ತು ಸಾವಿರದ ಮುನ್ನೂರ ಎಂಬತ್ತು ಅಂತ ನಾನೇ ಓದೀನಿ. ಚೀಟಿಯಾಗೆ ಮುನ್ನೂರಕ್ಕೇ ನಿಂತೈತೆ. ಎಂಬತ್ತು ಕಿಲೋ ಎಲ್ಲಿಗೆ ಹೋಯ್ತು, ತಾಯಿ?” ಎಂದು ಕೇಳಿದರು. ಆ ಪ್ರಶ್ನೆಯನ್ನು ಕೇಳಿ ಅಲ್ಲಿದ್ದವರ ನಗು ನಿಂತುಹೋಯಿತು. ಬರಿಯ ಬಂಡಿಯ ತೂಕ 3,650. ಅದು ಸರಿಯಾಗಿಯೇ ಅಚ್ಚಾಗಿತ್ತು. ಆದುದರಿಂದ ಅವರ ಜೋಳ 5,730 ಕಿಲೋ ಆಗಬೇಕಾದದ್ದು 5,650 ಆಗಿತ್ತು. ಐವತ್ತು ಕಿಲೋ ಲಾರಿಯನ್ನು ಯಾರೂ ನಂಬುವುದಿಲ್ಲ; 9,300 ಎಂಬ ತೂಕವನ್ನು ಯಾರು ತಾನೆ ಸಂಶಯಿಸುವರು?

ನಾನು ಮೊದಲು ಲೆಕ್ಕದ ತಂತ್ರಾಂಶವನ್ನು ಬದಿಗಿಟ್ಟು, ತಂತಿಯಲ್ಲಿ ಬರುವ ಅಕ್ಷರಗಳನ್ನು ಬಂದ ಹಾಗೆಯೇ ತೋರಿಸುವ ಸಾಧನವನ್ನು ತೆರೆದೆನು. ಒಂದು ಬರಬೇಕಾದಲ್ಲಿ ಕೂಡು-ಕಳೆ ಚಿಹ್ನೆ, ಎರಡು ಬರಬೇಕಾದಲ್ಲಿ ಮೇಲಕ್ಕೇರಿದ ಪುಟ್ಟ ಎರಡು, ಹೀಗೆ ವಿಚಿತ್ರ ಗುರುತುಗಳು ಕಾಣಿಸಿದವು. ಹಲವು ಬಂಡಿಗಳು ಹಾದುಹೋಗುವವರೆಗೆ ಕಾಗದದ ಮೇಲೆ ಎರಡು ಪಟ್ಟಿಗಳನ್ನು ಬರೆಯುತ್ತ ಹೋದೆನು. 0, 3, 5, 6, 9 ಯಾವಾಗಲೂ ಸರಿ. 1, 2, 4, 7, 8 ಯಾವಾಗಲೂ ತಪ್ಪು. ಇಲಿ ಕಡಿದ ತಂತಿಗೆ ಅಂಕಿಗಳಲ್ಲಿ ಇಂತಹ ಪಕ್ಷಪಾತವಿರದು. ವೇಗದ ನಿಯಮ ತಪ್ಪಿದ್ದರೆ ಬಹುಮಟ್ಟಿಗೆ ಎಲ್ಲ ಅಂಕಿಗಳೂ ಕೆಡುತ್ತಿದ್ದವು.

ಆಸ್ಕಿ ಪದ್ಧತಿಯಲ್ಲಿ 3ರ ರೂಪ 0110011. ಇದರಲ್ಲಿ ಒಂದುಗಳು ನಾಲ್ಕು. 8ರ ರೂಪ 0111000, ಇದರಲ್ಲಿ ಮೂರು. ಸರಿಯಾಗಿ ಬಂದ ಐದು ಅಂಕಿಗಳಲ್ಲಿಯೂ ಒಂದುಗಳ ಎಣಿಕೆ ಸಮ, ಕೆಟ್ಟ ಐದರಲ್ಲಿಯೂ ಬೆಸ! ತೂಕದ ಯಂತ್ರವು ಏಳು ಬಿಟ್‌ಗಳನ್ನೂ ಸಮ ಪ್ಯಾರಿಟಿಯನ್ನೂ ಕಳುಹಿಸುತ್ತಿತ್ತು. ಹೊಸ ಗಣಕಯಂತ್ರವು ಎಂಟು ಬಿಟ್‌ಗಳಿವೆ, ಪ್ಯಾರಿಟಿಯಿಲ್ಲ ಎಂದು ತಿಳಿದಿತ್ತು. ಎರಡು ಲೆಕ್ಕದಲ್ಲಿಯೂ ಅಕ್ಷರದ ಒಟ್ಟು ಉದ್ದ ಒಂದೇ ಆದುದರಿಂದ ಸಂಭಾಷಣೆ ಮುರಿಯಲಿಲ್ಲ. ಸಾಕ್ಷಿಯ ಬಿಟ್ ಮಾತ್ರ ಅಕ್ಷರದ ಭಾಗವೆಂದು ಎಣಿಸಲ್ಪಟ್ಟಿತು. ಅರ್ಥವಾಗದ ಅಕ್ಷರದ ಸ್ಥಾನದಲ್ಲಿ ಲೆಕ್ಕದ ತಂತ್ರಾಂಶವು ಸದ್ದಿಲ್ಲದೆ ಸೊನ್ನೆಯನ್ನಿಡುತ್ತಿತ್ತು. ಎಂಬತ್ತು ಕಿಲೋ ಹೋದದ್ದು ಅಲ್ಲಿಗೆ.

ಪರಿಹಾರದ ವಿಷಯದಲ್ಲಿ ಚಿಕ್ಕದೊಂದು ವಾದವಾಯಿತು. ಬಂದ ಎಂಟನೆಯ ಬಿಟ್ಟನ್ನು ಕತ್ತರಿಸಿ ಎಸೆದರೆ ಸಾಕೆಂದು ದೂರವಾಣಿಯಲ್ಲಿ ಒಬ್ಬರು ಸಲಹೆಯಿತ್ತರು. ಹಾಗೆ ಮಾಡಿದರೂ ಅಂಕಿಗಳು ಸರಿಯಾಗಿಯೇ ಕಾಣುತ್ತಿದ್ದವು. ಆದರೆ ನಾನು ಒಪ್ಪಲಿಲ್ಲ. 8ಕ್ಕೂ 0ಗೂ ಇರುವ ಅಂತರ ಒಂದೇ ಒಂದು ಬಿಟ್. ಗುಡುಗು ಮಿಂಚುಗಳ ಈ ಸೀಮೆಯಲ್ಲಿ, ಅಷ್ಟುದ್ದದ ತಂತಿಯಲ್ಲಿ, ಆ ಒಂದು ಬಿಟ್ ಕೆಟ್ಟರೆ ಮತ್ತೆ ಎಂಬತ್ತು ಸೊನ್ನೆಯಾಗುವುದು. ಸಾಕ್ಷಿಯನ್ನು ಹೊರಗಟ್ಟಿದ ಮೇಲೆ ಅದನ್ನು ಹೇಳುವವರಾರು? ಆದುದರಿಂದ ತೂಕದ ಯಂತ್ರದಲ್ಲಿರುವ ನಿಯಮವನ್ನು ಓದಿಕೊಂಡು, ಗಣಕಯಂತ್ರದಲ್ಲಿಯೂ ಏಳು ಬಿಟ್, ಸಮ ಪ್ಯಾರಿಟಿ, ಒಂದು ಸ್ಟಾಪ್ ಬಿಟ್ ಎಂದೇ ಸ್ಥಾಪಿಸಿದೆನು. ಪ್ಯಾರಿಟಿ ತಪ್ಪಿದರೆ ಚೀಟಿಯನ್ನು ಅಚ್ಚುಮಾಡದೆ ತೂಕವನ್ನು ಮತ್ತೆ ಓದಬೇಕೆಂದು ತಂತ್ರಾಂಶದವರಿಂದ ತಿದ್ದಿಸಿದೆವು. ಹತ್ತೂ ಅಂಕಿಗಳು ಒಮ್ಮೆಯಾದರೂ ಬರುವವರೆಗೆ ಹೊರಗಿನ ಕೆಂಪಕ್ಷರವನ್ನೂ ಚೀಟಿಯನ್ನೂ ಹೋಲಿಸಿದ ಮೇಲೆಯೇ ನಾನು ಎದ್ದದ್ದು.

ಆಗಲೇ ಕೊಟ್ಟ ಚೀಟಿಗಳ ಗತಿಯೇನು? ಇಲ್ಲಿ ನೆರವಿಗೆ ಬಂದವರು ಅಲ್ಲಿಯ ವೃದ್ಧ ಗುಮಾಸ್ತರು. “ನೋಡಮ್ಮಾ, ಯಂತ್ರ ಬಂದರೂ ನಾನು ಪುಸ್ತಕ ಬಿಟ್ಟವನಲ್ಲ” ಎಂದು ಹೇಳಿ, ಕೆಂಪಕ್ಷರವನ್ನು ನೋಡಿ ಕೈಯಾರೆ ಬರೆದಿಟ್ಟ ಲೆಕ್ಕವನ್ನು ಮುಂದಿಟ್ಟರು. ಅದರೊಡನೆ ಹೋಲಿಸಿದಾಗ ತುಂಬಿದ ಬಂಡಿಯ ತೂಕ ತಪ್ಪಿದಲ್ಲಿ ರೈತರಿಗೂ, ಬರಿಯ ಬಂಡಿಯದು ತಪ್ಪಿದಲ್ಲಿ ವ್ಯಾಪಾರಿಗಳಿಗೂ ನಷ್ಟವಾದದ್ದು ಗೊತ್ತಾಯಿತು. ಮಾಲೀಕರು ಸರಿಯಾದ ಚೀಟಿಗಳನ್ನು ಬರೆಸಿ, ಸಿಕ್ಕಿದವರಿಗೆಲ್ಲ ತಲುಪಿಸಿದರು. ಆ ಮಹಿಳೆಯ ಚೀಟಿಯು ಮೊದಲನೆಯದಾಗಿತ್ತು.

ಪ್ಯಾರಿಟಿಯ ಶಕ್ತಿ ಅಲ್ಪವಾದುದೆಂಬುದನ್ನೂ ಇಲ್ಲಿ ಹೇಳಬೇಕು. ಎರಡು ಬಿಟ್‌ಗಳು ಒಟ್ಟಿಗೆ ಕೆಟ್ಟರೆ ಅದು ಮೋಸಹೋಗುತ್ತದೆ. 0 ಎಂಬುದು ಹೀಗೆ 3 ಆಗಬಲ್ಲದು. ತಪ್ಪಾಗಿದೆಯೆಂದು ಹೇಳಬಲ್ಲದಲ್ಲದೆ ಸರಿ ಯಾವುದೆಂದು ಹೇಳಲಾರದು. ತಪ್ಪನ್ನು ತಾನೇ ತಿದ್ದಿಕೊಳ್ಳುವ ಸಂಕೇತಗಳನ್ನು ರಿಚರ್ಡ್ ಹ್ಯಾಮಿಂಗ್ ಎಂಬ ವಿದ್ವಾಂಸರು 1950ರಲ್ಲಿ ಪ್ರಕಟಿಸಿದರು. ಅವುಗಳಿಗೂ ತಳಹದಿ ಈ ಸಮ-ಬೆಸಗಳ ಎಣಿಕೆಯೇ.

ಆದರೂ ಅಲ್ಪಶಕ್ತಿಯ ಸಾಕ್ಷಿಯೆಂದು ಅದನ್ನು ತಳ್ಳಿಬಿಡುವುದು ವಿವೇಕವಲ್ಲ. ಕಿಟಕಿಯ ಬಳಿಗೆ ಬಂದು ಪ್ರಶ್ನಿಸಿದ ಆ ತಾಯಿಗೆ ತಪ್ಪಿನ ಕಾರಣ ತಿಳಿದಿರಲಿಲ್ಲ. ಎರಡು ಅಂಕಿಗಳು ಹೊಂದುವುದಿಲ್ಲವೆಂಬಷ್ಟೇ ತಿಳಿದಿತ್ತು. ಅಷ್ಟು ತಿಳಿದು, ಅದನ್ನು ಬಾಯಿಬಿಟ್ಟು ಹೇಳಿದುದರಿಂದಲೇ ಎಷ್ಟೋ ಮಂದಿಯ ದುಡಿಮೆಯ ಫಲವು ಲೆಕ್ಕಕ್ಕೆ ಮರಳಿತು. ಭಗಿನಿಯರೇ, ನಿಮ್ಮಲ್ಲಿ ಯಾರು ಯಾವ ಉದ್ಯೋಗವನ್ನು ಕೈಕೊಂಡರೂ, ಹೊಂದದಿರುವುದನ್ನು ಕಂಡಾಗ ಕಾರಣ ತಿಳಿಯದೆಂಬ ಸಂಕೋಚದಿಂದ ಸುಮ್ಮನಿರಬೇಡಿರಿ. ಕಾರಣವನ್ನು ಹುಡುಕುವ ಕೆಲಸ ಆಮೇಲಿನದು.